ಬುಟ್ಟಿಯಲ್ಲಿ ಫೋನು, ಬಾಯಿಗೆ ಬೀಗ

ಸೀಟಿ ಮಾಮ ಒಮ್ಮೆ ಸೀಟಿ ಊದಿದರೆ ಆಕಾಶದಲ್ಲಿ ಹೋಗುತ್ತಿದ್ದ ವಿಮಾನ ಗಕ್ಕನೆ ನಿಲ್ಲುತ್ತಿತ್ತು. ಪೈಲಟ್ ಕಿಟಕಿಯಿಂದ ತಲೆ ಹೊರಹಾಕಿ, "ಏನ್ ಸಾರ್, ಕರೆದ್ರಾ?" ಎಂದು ಕೇಳುತ್ತಿದ್ದ. ನಂಬದವರು ಆ ಪೈಲಟ್‌ನನ್ನೇ ಹುಡುಕಿ ಕೇಳಬಹುದು. ಅಂಥ ಮಾಮನ ಮುಂದೆ ಹದಿನೈದು ಹದಿನಾರರ ಹುಡುಗ ಹುಡುಗಿಯರು ಯಾವ ಲೆಕ್ಕ?

ಮಾಮನ ಯುವಕೇಂದ್ರ ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಒಂದು ಉದ್ದನೆಯ ಕೋಣೆ, ಎರಡು ಕೇರಂ ಬೋರ್ಡು, ಒಂದು ಕಪಾಟು ಪುಸ್ತಕ, ಕಟ್ಟಡದ ಹಿಂದೆ ವಾಲಿಬಾಲ್ ಅಂಗಳ. ಬಾಗಿಲ ಬಳಿ ಒಂದು ಬಿದಿರಿನ ಬುಟ್ಟಿ. ಬಂದವರು ಚಪ್ಪಲಿ ಹೊರಗೆ ಬಿಡಬೇಕು, ಫೋನನ್ನು ಬುಟ್ಟಿಗೆ ಹಾಕಬೇಕು. ಇದು ಮಾಮನ ಕಾನೂನು. ಬುಟ್ಟಿಯೊಳಗಿನ ಫೋನುಗಳೆಲ್ಲ ಒಟ್ಟಿಗೆ ಗುಂಯ್‌ಗುಟ್ಟಿದರೆ ಕೆಳಗಿನ ಅಂಗಡಿಯ ಸೈಕಲ್‌ಗಳು ಸವಾರರಿಲ್ಲದೆ ರಸ್ತೆಗೆ ಹೊರಟುಬಿಡುತ್ತಿದ್ದವಂತೆ!

ಒಂದು ಸಂಜೆ, ಕೇಂದ್ರದ ಪುಸ್ತಕ ನೋಡಿಕೊಳ್ಳುವ ಲೈಬ್ರರಿ ಅಕ್ಕ ಮಾಮನ ಮುಂದೆ ಬಂದು ಕೂತರು.

"ಅಣ್ಣಾ, ನಮ್ಮಂಥ ಯುವ ಕಾರ್ಯಕರ್ತರಿಗೆ ತರಬೇತಿ ಇದೆ. ಫೋನು, ಇಂಟರ್ನೆಟ್ಟು ಇಟ್ಕೊಂಡು ಹುಡುಗರ ಜೊತೆ ಹೇಗೆ ಕೆಲಸ ಮಾಡೋದು ಅಂತ ಹೇಳ್ಕೊಡ್ತಾರೆ. ಹೋದ ಸಲ ನಾನು ಹೋಗಿದ್ದೆ. ಈ ಸಲ ನೀವೂ ಬನ್ನಿ."

"ನಂಗ್ಯಾಕೆ ತಾಯಿ? ನನ್ನ ಹುಡುಗರ ಕೈಯಲ್ಲಿ ಫೋನೇ ಇರಲ್ವಲ್ಲ!"

"ಇಲ್ಲಿರೋ ಹೊತ್ತು ಇರಲ್ಲ. ಉಳಿದ ಹೊತ್ತು?"

"ಉಳಿದ ಹೊತ್ತು ಅವರಪ್ಪ ಅಮ್ಮ ನೋಡ್ಕೋತಾರೆ."

"ಅವರಪ್ಪ ಅಮ್ಮ, 'ಮಾಮ ನೋಡ್ಕೋತಾರೆ' ಅಂತ ಕೂತಿದ್ದಾರೆ."

ಮಾಮ ಮೂಗು ಮುರಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವರು ಅವರು. ಆದರೆ ಅಕ್ಕ ಬಿಡಲಿಲ್ಲ.

"ನಮ್ಮ ಗುಡುಗು ಯಾಕೆ ಬರ್ತಿಲ್ಲ ಅಂತ ಕೇಳಿದ್ರಾ?"

ಗುಡುಗು ಎಂದರೆ ಟೈಲರಮ್ಮನ ಮಗಳು. ಅವಳು ಹೊಡೆದ ಚೆಂಡು ನೆಲಕ್ಕೆ ಬಿದ್ದರೆ ಮೂರು ಬೀದಿಯ ನಾಯಿಗಳು ಮಂಚದಡಿ ಸೇರುತ್ತಿದ್ದವು, ಅದಕ್ಕೇ ಆ ಹೆಸರು. ಅಂಥವಳು ಕೆಲವು ವಾರಗಳಿಂದ ಕೇಂದ್ರದ ಕಡೆ ತಲೆ ಹಾಕಿರಲಿಲ್ಲ.

"ಕೇಳೋದೇನು? ಫೋನ್ ಹುಚ್ಚು ಹಿಡಿದಿರುತ್ತೆ," ಎಂದರು ಮಾಮ. ಹೇಳಿದ ಮೇಲೆ ಯಾಕೋ ಬಾಯಿ ಕಹಿಯಾಯಿತು. "ಹೂಂ, ಬರ್ತೀನಿ ಬಿಡಿ. ಊಟ ಆದ್ರೂ ಚೆನ್ನಾಗಿರುತ್ತಾ?"

ತರಬೇತಿ ನಡೆದದ್ದು ಒಂದು ಶಾಲೆಯ ಕೋಣೆಯಲ್ಲಿ. ಮಾಮನ ಬೆರಳು ಎಷ್ಟು ದಪ್ಪವೆಂದರೆ, ಒಂದು ಅಕ್ಷರ ಒತ್ತಲು ಹೋದರೆ ಇಡೀ ಕಾಗುಣಿತವೇ ಪರದೆಯ ಮೇಲೆ ಬಂದು ಸಾಲಾಗಿ ನಿಲ್ಲುತ್ತಿತ್ತು. ತರಬೇತಿ ಕೊಡುವ ಮೇಡಂ ನಗಲಿಲ್ಲ. ಎಲ್ಲರಿಗೂ ಒಂದು ಕೆಲಸ ಹೇಳಿದರು.

"ನಿಮ್ಮ ಕೇಂದ್ರದ ಪೇಜ್ ತೆಗೀರಿ. ನೀವು ಗುರುತಿಲ್ಲದ ಮನುಷ್ಯ ಅಂದ್ಕೊಳ್ಳಿ. ಅಲ್ಲಿರೋ ಒಂದು ಮಗುವಿನ ಬಗ್ಗೆ ಏನೇನು ಗೊತ್ತಾಗುತ್ತೆ, ನೋಡಿ."

ಮಾಮ ಹೆಮ್ಮೆಯಿಂದ ಪೇಜ್ ತೋರಿಸಿದರು. ಹುಡುಗರ ಫೋನನ್ನು ಬುಟ್ಟಿಗೆ ಹಾಕಿಸಿದ ಮೇಲೆ, ಅವರ ಫೋಟೋಗಳನ್ನೆಲ್ಲ ತಮ್ಮ ಫೋನಿನಿಂದ ಊರಿಗೆಲ್ಲ ಕಾಣುವಂತೆ ಹಾಕುತ್ತಿದ್ದವರು ಅವರೇ. ಮೇಲಿನ ಫೋಟೋದಲ್ಲೇ ಗುಡುಗು ಇದ್ದಳು. ಆಟದ ಬಟ್ಟೆ, ಕೈಯಲ್ಲಿ ಗೆದ್ದ ಕಪ್, ಮುಖ ತುಂಬ ನಗು. ಕೆಳಗೆ 'ನಮ್ಮ ಹೆಮ್ಮೆ' ಎಂದು ಬರೆದು, ಅವಳ ಪೂರ್ತಿ ಹೆಸರು, ಶಾಲೆ, ತರಗತಿ, ದಿನಾ ಸಂಜೆ ಅಭ್ಯಾಸ ಮುಗಿಸಿ ಯಾವ ಬಸ್ಸಿಗೆ ಹೋಗುತ್ತಾಳೆ ಎನ್ನುವುದನ್ನೂ ಮಾಮ ಸೇರಿಸಿದ್ದರು. ಬಡ ಹುಡುಗಿ ಬಸ್ಸಿನಲ್ಲಿ ಓಡಾಡಿ ಗೆದ್ದಳು ಎಂಬ ಅಭಿಮಾನ.

"ಅಣ್ಣಾ, ಇವಳನ್ನ ಕೇಳಿ ಹಾಕಿದ್ರಾ?" ಎಂದರು ಲೈಬ್ರರಿ ಅಕ್ಕ.

"ಹೊಗಳೋದಕ್ಕೂ ಕೇಳ್ಬೇಕಾ?"

ಅಕ್ಕ ಆ ಹೆಸರನ್ನು ಹುಡುಕಾಟದ ಜಾಗದಲ್ಲಿ ಒತ್ತಿದರು. ಒಂದೇ ಹೆಸರಿನ ಎರಡು ಖಾತೆ ಬಂದವು. ಒಂದು ಅವಳದೇ. ಇನ್ನೊಂದರಲ್ಲೂ ಅದೇ ಕಪ್, ಅದೇ ನಗು, ಮಾಮ ತೆಗೆದ ಅದೇ ಫೋಟೋ. ಕೆಳಗೆ ಮಾತ್ರ ಬಾಯಲ್ಲಿ ಹೇಳಲಾಗದ ಹೊಲಸು ಮಾತು. ಯಾರೋ ಅವಳ ಹೆಸರಿನಲ್ಲಿ ನಕಲಿ ಖಾತೆ ತೆರೆದಿದ್ದರು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಈಗ್ಲೇ ಫೋನ್ ಮಾಡ್ತೀನಿ," ಎಂದು ಮಾಮ ಎದ್ದರು.

ಮೇಡಂ ತಡೆದರು. "ಮಾಡಿ ಏನು ಕೇಳ್ತೀರಿ?"

"ಯಾಕಮ್ಮ ನಂಗೆ ಹೇಳ್ಲಿಲ್ಲ ಅಂತ."

"ಸಾರ್, ಹೆದರಿರೋ ಮಗುವಿಗೆ ಅದು ಬೈಗುಳದ ಥರ ಕೇಳ್ಸುತ್ತೆ. ಮೊದಲು, ತಪ್ಪು ನಿಂದಲ್ಲ ಅನ್ನಿ. ಆಮೇಲೆ ಸುಮ್ನೆ ಕೂತು ಕೇಳಿ. ಎಲ್ಲಿ, ನಾನೇ ಆ ಹುಡುಗಿ ಅಂದ್ಕೊಂಡು ಒಂದ್ಸಲ ಹೇಳಿ ನೋಡೋಣ."

ಮಾಮ ಹೇಳಿದರು. ಮೊದಲ ಸಲ ಬೈದಂತಾಯಿತು. ಎರಡನೆಯ ಸಲ ಭಾಷಣವಾಯಿತು. ಮತ್ತೆ ಮತ್ತೆ ಹೇಳಿಸಿದ ಮೇಲೆ ಮೇಡಂ, "ಹಾಂ, ಈಗ ಹೋಗಿ," ಎಂದರು.

ಮಾಮನೂ ಲೈಬ್ರರಿ ಅಕ್ಕನೂ ನೇರವಾಗಿ ಟೈಲರಮ್ಮನ ಮನೆಗೆ ಹೋದರು. ಆಕೆಯ ಹೊಲಿಗೆ ಮಿಷನ್ನಿನ ವೇಗ ನೋಡಿ ಗೋಡೆಯ ಗಡಿಯಾರವೇ ನಾಚಿ ನಿಂತುಬಿಡುತ್ತಿತ್ತು. ಅವತ್ತು ಮಾತ್ರ ಮಿಷನ್ ಸುಮ್ಮನಿತ್ತು.

"ಬನ್ನಿ ಅಣ್ಣ, ಹುಡುಗರ ಕೈಗೆ ಫೋನ್ ಬೇಡ ಅಂತ ನೀವು ಹೇಳಿದ್ದೇ ಸರಿ," ಎಂದು ಟೈಲರಮ್ಮ ಅಳುವ ದನಿಯಲ್ಲಿ ಶುರು ಮಾಡಿದಳು. "ಎದುರು ಮನೆಯವಳು ಕರೆದು ತೋರ್ಸಿದ್ಲು, ನೋಡು ನಿನ್ನ ಮಗಳ ಚಿತ್ರ ಅಂತ. ಮಾನ ಹೋಯ್ತು. ಇವಳು ಕೋಣೆ ಬಾಗ್ಲು ಹಾಕ್ಕೊಂಡು ಕೂತಿದಾಳೆ, ಬಾಯೇ ಬಿಡಲ್ಲ. ಆ ಫೋನನ್ನ ನೀರಿಗೆ ಹಾಕ್ತೀನಿ. ಸ್ಕೂಲೂ ಬೇಡ, ಆಟಾನೂ ಬೇಡ. ನಾಳೆಯಿಂದ ನನ್ನ ಪಕ್ಕದಲ್ಲೇ ಕೂತು ಗುಂಡಿ ಕಾಜಾ ಹೊಲೀಲಿ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದಾ ತಂಗಿ?" ಎಂದರು ಲೈಬ್ರರಿ ಅಕ್ಕ.

"ನಿಮ್ಮ ಮಗಳಾಗಿದ್ರೆ ಗೊತ್ತಾಗ್ತಿತ್ತು!"

ಮಾಮ ಗಂಟಲು ಸರಿಮಾಡಿಕೊಂಡರು. ಮುಚ್ಚಿದ ಬಾಗಿಲಿನ ಆಚೆಗೂ ಕೇಳುವಂತೆ, "ತಂಗೀ, ಆ ಫೋಟೋ ಹಾಕಿದ್ದು ಅವಳಲ್ಲ. ನಾನು," ಎಂದರು. "ಅವಳನ್ನ ಒಂದು ಮಾತೂ ಕೇಳದೇನೇ, ಹೆಸರು, ಶಾಲೆ ಎಲ್ಲಾ ಬರ್ದು ಹಾಕ್ದೆ. ಯಾವನೋ ಅದನ್ನ ಕದ್ದ. ಇದ್ರಲ್ಲಿ ಅವಳ ತಪ್ಪು ಒಂದು ಸಾಸಿವೆಯಷ್ಟೂ ಇಲ್ಲ."

ಬಾಗಿಲು ತೆರೆಯಿತು. ಗುಡುಗು ಬಂದು ನಿಂತಳು. ಕಣ್ಣು ಊದಿತ್ತು.

"ಅವನು ಮೆಸೇಜ್ ಮಾಡ್ತಿದಾನೆ ಮಾಮ. ಇನ್ನೂ ಫೋಟೋ ಕಳಿಸು, ಇಲ್ಲಾಂದ್ರೆ ಇದನ್ನ ನಿನ್ನ ಕ್ಲಾಸಿಗೆಲ್ಲ ಕಳಿಸ್ತೀನಿ ಅಂತಾನೆ. ನಾನು ಕಳ್ಸಿಲ್ಲ."

ಮಾಮನ ನಾಲಿಗೆಯ ತುದಿಗೆ 'ಯಾಕೆ ಹೇಳ್ಲಿಲ್ಲ' ಬಂದೇಬಿಟ್ಟಿತ್ತು. ನುಂಗಿಕೊಂಡರು. ಸುಮ್ಮನೆ ಕೂತರು. ಕೇಳದಿದ್ದ ಪ್ರಶ್ನೆಗೆ ಅವಳೇ ಉತ್ತರ ಕೊಟ್ಟಳು.

"ನಿಮ್ಮ ಹತ್ರ ಬಂದು ಹೇಳೋಣ ಅಂತ ಮೆಟ್ಲು ತನಕ ಬಂದಿದ್ದೆ. ಬುಟ್ಟಿ ನೋಡ್ದೆ. ಫೋನ್ ಅಂದ್ರೆ ಬೈತೀರಲ್ಲ ಅಂತ ವಾಪಸ್ ಹೋದೆ."

"ಎಲ್ಲಾ ಅಳಿಸಿಬಿಡಿ, ಮೊದ್ಲು ಅಳಿಸಿ," ಎಂದು ಟೈಲರಮ್ಮ ಫೋನಿಗೆ ಕೈ ಹಾಕಿದಳು.

"ಅಳಿಸ್ಬೇಡಿ ತಂಗಿ," ಎಂದರು ಲೈಬ್ರರಿ ಅಕ್ಕ. "ಸಾಕ್ಷಿ ಅಲ್ವಾ ಅದು? ಮೊದಲು ಸ್ಕ್ರೀನ್‌ಶಾಟ್ ತೆಗೆದು ಇಟ್ಕೋಬೇಕು. ಅವನಿಗೆ ಉತ್ತರ ಕೊಡ್ಬಾರ್ದು, ಫೋಟೋ ಅಂತೂ ಕಳಿಸ್ಲೇಬಾರ್ದು. ಖಾತೆ ನಕಲಿ ಅಂತ ಆ ಆ್ಯಪ್ ಕಂಪನಿಗೆ ವರದಿ ಮಾಡ್ಬೇಕು, ಅವನನ್ನ ಬ್ಲಾಕ್ ಮಾಡ್ಬೇಕು. ಸೈಬರ್ ಪೊಲೀಸರಿಗೆ ದೂರು ಕೊಡೋಕೆ ನಿಮ್ಮ ಜೊತೆ ನಾವೂ ಬರ್ತೀವಿ."

ಆಗ ನೋಡಬೇಕಿತ್ತು ಮಾಮನ ಪ್ರತಾಪ! ಫೋನನ್ನು ಕತ್ತಿಯಂತೆ ಹಿಡಿದರು. ಹೆಬ್ಬೆರಳಲ್ಲಿ ಒಂದೇ ಒತ್ತು. ನಕಲಿ ಖಾತೆ ಸುಟ್ಟು ಬೂದಿ. ಆ ದುಷ್ಟ ಭೂಮಿಯ ಯಾವ ಮೂಲೆಯಲ್ಲಿದ್ದನೋ, ಕುರ್ಚಿಯಿಂದ ಉರುಳಿಬಿದ್ದ ಸದ್ದು ಟೈಲರಮ್ಮನ ಮನೆಯವರೆಗೂ ಕೇಳಿಸಿತು...

"ಮಾಮಾ!"

ಕೂಗಿದ್ದು ಗುಡುಗು. ಅದೇ ಶಾಲೆಯ ಕೋಣೆಯಲ್ಲಿ, ಮುಂದಿನ ತಂಡದ ತರಬೇತಿಯಲ್ಲಿ, ಯುವ ಕಾರ್ಯಕರ್ತರ ಮುಂದೆ ನಿಂತು ಮಾಮ ಈ ಕಥೆಯನ್ನು ಇಲ್ಲಿಯವರೆಗೆ ಹೀಗೆಯೇ ಹೇಳಿಕೊಂಡು ಬಂದಿದ್ದರು. ಅವಳು ಅಮ್ಮನ ಜೊತೆ ಹಿಂದಿನ ಬೆಂಚಿನಲ್ಲಿ ಕೂತಿರುವುದು ಮಾತಿನ ಭರದಲ್ಲಿ ಮರೆತೇ ಹೋಗಿತ್ತು.

"ನೀವು ಒತ್ತಿದ್ದು ಟಾರ್ಚು ಮಾಮ! ಅಮ್ಮನ ಕಣ್ಣಿಗೇ ಬೆಳಕು ಬಿಟ್ರಿ."

"ಹೌದು, ಇವತ್ತಿಗೂ ಕಣ್ಣು ಚುಚ್ತದೆ," ಎಂದಳು ಟೈಲರಮ್ಮ.

ಕೋಣೆಯೆಲ್ಲ ಗೊಳ್ಳೆಂದಿತು. ಮಾಮನೂ ನಕ್ಕರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ಸಿಕ್ಕಿಬಿದ್ದೆ. ಇನ್ನು ನಿಜ ಹೇಳ್ತೀನಿ, ಕೇಳಿ. ನಾನು ಒತ್ತಿದ್ದು ಟಾರ್ಚೇ. ಸ್ಕ್ರೀನ್‌ಶಾಟ್ ತೆಗೆದಿದ್ದು ಈ ಹುಡುಗಿ, ವರದಿ ಒತ್ತಿದ್ದೂ ಇವಳೇ. ದೂರು ಬರೆಸಿದ್ದು ನಮ್ಮ ಲೈಬ್ರರಿ ಅಕ್ಕ. ಖಾತೆ ಒಂದೇ ಏಟಿಗೆ ಹೋಗ್ಲೂ ಇಲ್ಲ, ಕಂಪನಿಯವರನ್ನ ಮತ್ತೆ ಮತ್ತೆ ಕೇಳ್ಕೊಂಡ ಮೇಲೆ ಹೋಯ್ತು. ಅವನು ಯಾರು ಅಂತ ಪೊಲೀಸ್ರು ಇನ್ನೂ ಹುಡುಕ್ತಿದಾರೆ. ಅಷ್ಟು ದಿನ ನಾನು ಮಾಡಿದ್ದು ಇಷ್ಟೇ. ದಿನಾ ಸಂಜೆ ಹೋಗಿ ಇವಳ ಪಕ್ಕ ಕೂತು, ಇವತ್ತು ಏನಾಯ್ತು ಮಗಳೇ ಅಂತ ಕೇಳ್ದೆ. ಆಮೇಲೆ ಪೇಜಿನಿಂದ ಮಕ್ಕಳ ಹೆಸರು, ಶಾಲೆ, ಬಸ್ಸು ಎಲ್ಲಾ ತೆಗೆದೆ. ಈಗ ಫೋಟೋ ಹಾಕೋ ಮುಂಚೆ ಹುಡುಗರನ್ನೂ ಕೇಳ್ತೀನಿ, ಮನೆಯವರನ್ನೂ ಕೇಳ್ತೀನಿ. ಬೇಡ ಅಂದ್ರೆ ಬೇಡ. ವಾರಕ್ಕೊಂದು ಸಂಜೆ ಎಲ್ಲರೂ ಫೋನ್ ಇಟ್ಕೊಂಡೇ ಕೂತು, ಯಾವುದು ನಿಜ, ಯಾವುದು ಮೋಸ ಅಂತ ನೋಡ್ತೀವಿ. ಅರ್ಧಕ್ಕರ್ಧ ಅವರೇ ನಂಗೆ ಹೇಳ್ಕೊಡ್ತಾರೆ."

ಟೈಲರಮ್ಮ ಎದ್ದು ನಿಂತಳು. "ನನ್ನ ಮಗಳು ಸ್ಕೂಲಿಗೆ ಹೋಗ್ತಿದಾಳೆ, ಆಟಕ್ಕೂ ಬರ್ತಿದಾಳೆ. ಅಣ್ಣ, ನಿಮ್ಮ ಉಪಕಾರ..."

"ಬೇಡ ತಂಗಿ," ಎಂದರು ಮಾಮ. "ಉಪಕಾರ ಇವಳದು. ತಪ್ಪು ಮಾಡಿದೋನು ಅಂತ ಗೊತ್ತಿದ್ರೂ ನನ್ನ ಮುಂದೆ ಬಾಗ್ಲು ತೆಗೆದ್ಲು. ನನ್ನನ್ನ ಇಲ್ಲಿಗೆ ಎಳ್ಕೊಂಡು ಬಂದ ಲೈಬ್ರರಿ ಅಕ್ಕಂಗೂ, ನನ್ನ ಬಾಯಿಗೆ ಎರಡು ಒಳ್ಳೆ ಮಾತು ಕಲಿಸಿದ ಮೇಡಂಗೂ ಕೈ ಮುಗೀತೀನಿ."

ಆಮೇಲೆ ಎದುರಿಗಿದ್ದ ಎಲ್ಲರ ಕಡೆ ತಿರುಗಿದರು. ಆ ಮಾತು ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೂ ಸೇರಿದ್ದು.

"ಹುಡುಗರ ಜೊತೆ ಕೆಲಸ ಮಾಡೋ ಅಣ್ಣಂದಿರೇ, ಅಕ್ಕಂದಿರೇ, ಮೇಷ್ಟ್ರೇ, ನಿಮ್ಮಲ್ಲಿ ಇಂಥ ತರಬೇತಿ ಇದ್ರೆ ತಪ್ಪಿಸ್ಬೇಡಿ. ಇಲ್ಲಾಂದ್ರೆ ನಡೆಸಿ ಅಂತ ಕೇಳಿ. ವಯಸ್ಸಾಯ್ತು, ಬೆರಳು ದಪ್ಪ, ನಂಗಿದೆಲ್ಲ ಬರಲ್ಲ ಅನ್ಬೇಡಿ. ಈಗ್ಲೂ ನಂಗೆ ಟಾರ್ಚು ಯಾವುದು, ಕ್ಯಾಮೆರಾ ಯಾವುದು ಅಂತ ಸರಿಯಾಗಿ ಗೊತ್ತಿಲ್ಲ. ಅದನ್ನ ಇವಳ ಹತ್ರ ಕೇಳ್ತೀನಿ, ಇವಳು ನಗ್ತಾ ಹೇಳ್ಕೊಡ್ತಾಳೆ. ಆದ್ರೆ ಇವಳಿಗೆ ಭಯ ಆದಾಗ, ಮಾಮ ಬೈಯಲ್ಲ ಅಂತ ಇವಳಿಗೆ ಗೊತ್ತಿದೆ. ಇದೊಂದು ಮಾತು ಮಾತ್ರ ಉತ್ಪ್ರೇಕ್ಷೆ ಅಲ್ಲ. ಬೇಕಾದ್ರೆ ಇವಳನ್ನೇ ಕೇಳಿ."

ಎಲ್ಲರೂ ಹಿಂದಿನ ಬೆಂಚಿನ ಕಡೆ ತಿರುಗಿದರು.

"ಅದು ನಿಜ," ಎಂದಳು ಗುಡುಗು.