ಕ್ರಿಸ್ಪುಲೋನ ಬ್ರಶ್ಶಿಗೆ ಬಿಸಿನೀರು

ಹೆಣ ಸಿಂಗರಿಸಲು ಬಂದ ಬಾಡೋ ತನ್ನ ಚೀಲದಿಂದ ಒಂದು ಶೇವಿಂಗ್ ಬ್ರಶ್ ತೆಗೆದು, ತಣ್ಣೀರಿನ ಬೋಗುಣಿಯಲ್ಲಿ ಹೀಗೆ ಅದ್ದಿ ಹಾಗೆ ಎತ್ತಿ, ನನ್ನ ಗಂಡನ ಕೆನ್ನೆಗೆ ಹಚ್ಚಲು ಹೋದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅದರ ಕೂದಲು ಪೊರಕೆ ಕಡ್ಡಿಯ ಹಾಗೆ ಸೆಟೆದಿತ್ತು. ಊರಿನ ಎಷ್ಟು ಹೆಣಗಳ ಮುಖ ಸವರಿತ್ತೋ ಏನೋ.

"ಏಯ್, ಕೈ ತೆಗಿ!" ಅಂದೆ. "ನೆನೆಸದ ಬ್ರಶ್ ಇವನ ಮುಖಕ್ಕೆ ಯಾವತ್ತೂ ತಾಗಿಲ್ಲ."

"ಸತ್ತೋರಿಗೆ ಬಿಸಿನೀರೇನು ತಣ್ಣೀರೇನು, ನಾರ್ಸಿಸಕ್ಕ?" ಅಂತ ಬಾಡೋ ಹಲ್ಲು ಕಿರಿದ. "ಚಿಟಿಕೆ ಹೊಡೆಯೋದ್ರಲ್ಲಿ ಮುಗಿಸ್ತೀನಿ ಬಿಡಿ. ಹೆಣದ ಪೆಟ್ಟಿಗೆಗೆ ಗಾಜು ಮುಚ್ಚಬೇಕು, ಜನ ಬರೋ ಹೊತ್ತಾಯ್ತು."

ನನ್ನ ಗಂಡ ಕ್ರಿಸ್ಪುಲೋ ಇಲೊಯಿಲೊ ಬಂದರಿನಲ್ಲಿ ಮೂಟೆ ಹೊತ್ತವನು. ಅಂಗಿ ಹರಿದಿದ್ದರೂ ನಡೆಯುತ್ತಿತ್ತು, ಮುಖ ಮಾತ್ರ ದಿನಾ ನುಣ್ಣಗಿರಬೇಕು. ಬೆಳಗ್ಗೆ ಎದ್ದವನೇ ತಗಡಿನ ಲೋಟಕ್ಕೆ ಬಿಸಿನೀರು ಹಾಕಿ, ಬ್ರಶ್ಶಿನ ಕೂದಲಷ್ಟೇ ಮುಳುಗುವಂತೆ ನೆನೆಯಿಟ್ಟು, ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ಕಾಫಿ ಮುಗಿಯುವಷ್ಟರಲ್ಲಿ ಕೂದಲು ಮೆತ್ತಗಾಗಿರುತ್ತಿತ್ತು. ಆಮೇಲೆ ಒಮ್ಮೆ ಕೊಡವಿ, ಸೋಪಿನ ಮೇಲೆ ಗಿರಗಿರ ತಿರುಗಿಸಿ, ನೊರೆ ಬೆಣ್ಣೆಯ ಹಾಗೆ ನಿಲ್ಲುವ ತನಕ ಬಿಡುತ್ತಿರಲಿಲ್ಲ. ನಾನು ಲೋಟ ಮುಟ್ಟಲು ಹೋದರೆ, "ನಿಂಗೆ ಗೊತ್ತಾಗಲ್ಲ, ಬಿಡು" ಅಂತ ಕೈ ತಳ್ಳುತ್ತಿದ್ದ. ಮದುವೆಯಾದಾಗಿನಿಂದ ಅದೇ ಮಾತು. ಅವನಿಗೆ ಬೇಯಿಸಿ ಹಾಕಲು ಗೊತ್ತಾಗುತ್ತಿತ್ತು, ಅವನ ಮಕ್ಕಳನ್ನು ಹೆರಲು ಗೊತ್ತಾಗುತ್ತಿತ್ತು. ಈ ಹಿಡಿ ಕೂದಲು ನೆನೆಸಲು ಮಾತ್ರ ಗೊತ್ತಾಗುತ್ತಿರಲಿಲ್ಲ!

ಅವನ ಬ್ರಶ್ ಹುಡುಕಿ ತಂದು, ಒಲೆ ಹಚ್ಚಿ ಕೆಟಲ್ ಇಟ್ಟೆ. ಇಟ್ಟದ್ದೇ ತಡ, ಅವನ ಅಕ್ಕ ಪಸಿತಾ ಅಡುಗೆಮನೆ ಬಾಗಿಲಿಗೆ ಬಂದು ಅಡ್ಡ ನಿಂತಳು.

"ಹೆಣ ಇರೋ ಮನೇಲಿ ಸ್ನಾನಕ್ಕೆ ನೀರು ಕಾಯಿಸ್ತಿದ್ದೀಯಾ? ತಲೆ ಬಾಚೋ ಹಾಗಿಲ್ಲ, ಮೈ ತೊಳೆಯೋ ಹಾಗಿಲ್ಲ, ಮರೆತ್ಯಾ? ಹಿಂದೇನೇ ಇನ್ನೊಂದು ಹೆಣ ಬೀಳುತ್ತೆ!"

"ಸ್ನಾನಕ್ಕಲ್ಲ ಅತ್ತಿಗೆ, ನಿಮ್ಮ ತಮ್ಮನ ಗಡ್ಡಕ್ಕೆ."

"ಯಾವುದಕ್ಕಾದ್ರೂ ನೀರು ನೀರೇ. ಬಾಡೋ ಮಾಡ್ತಾನೆ, ನೀನು ಹೋಗಿ ಜಪಮಣಿ ಹಿಡಿದು ಕೂತ್ಕೋ. ಗಂಡ ಸತ್ತೋಳ ಹಾಗೆ ಕಾಣು ಒಂಚೂರು."

ನನಗೆ ಅಷ್ಟು ಸಾಕಾಯಿತು. "ಆಸ್ಪತ್ರೇಲಿ ಮಲಗಿದ್ದಾಗ ಒಂದು ದಿನ ಇಣುಕಿ ನೋಡ್ಲಿಲ್ಲ, ಈಗ ಬಂದ್ರಾ ಶಾಸ್ತ್ರ ಹೇಳೋಕೆ? ಆ ಕಟ್ಟುಪಾಡೆಲ್ಲ ಬದುಕಿರೋರಿಗೆ. ಅವನಿಗಲ್ಲ!"

ಅವಳೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಷ್ಟು ಹೊತ್ತೂ ಕೆಟಲ್ ಕುದಿಯುತ್ತಲೇ ಇತ್ತು. ಅದೇ ಸಿಟ್ಟಿನಲ್ಲಿ ಕೊತಕೊತ ಕುದಿಯುವ ನೀರನ್ನು ಲೋಟಕ್ಕೆ ಸುರಿದು, ಬ್ರಶ್ಶನ್ನು ಹಿಡಿಯ ಸಮೇತ ಅದರೊಳಗೆ ತುರುಕಿಬಿಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ಎತ್ತಿದರೆ ಕೈಗೆ ಬಂದದ್ದು ಮರದ ಹಿಡಿ ಮಾತ್ರ. ಅಂಟು ಬಿಟ್ಟು ಕೂದಲ ಗೊಂಚಲು ಲೋಟದಲ್ಲೇ ಉಳಿದಿತ್ತು.

ಪಸಿತಾ "ನಾನು ಹೇಳ್ಲಿಲ್ವಾ" ಅನ್ನುವ ಮುಖ ಮಾಡಿದಳು. ಬಾಡೋ ತನ್ನ ಬ್ರಶ್ಶನ್ನೇ ಮತ್ತೆ ಕೈಗೆತ್ತಿಕೊಂಡ. ನಾನು ಬಿಡುತ್ತೇನೆಯೇ? ಆ ಗೊಂಚಲನ್ನು ಬೆರಳಲ್ಲೇ ಹಿಡಿದು ಕೊಡವಿ, ಸೋಪಿನ ಮೇಲೆ ತಿಕ್ಕಿ ತಿಕ್ಕಿ ನೊರೆ ಎಬ್ಬಿಸಿದೆ. ಬೆರಳು ಸುಟ್ಟವು, ಸುಡಲಿ. ಪೆಟ್ಟಿಗೆಯ ಮೇಲೆ ಬಗ್ಗಿ ಅವನ ಗದ್ದಕ್ಕೆ, ಮೂಗಿನ ಕೆಳಗೆ, ಎರಡೂ ಕೆನ್ನೆಗೆ ದಪ್ಪಗೆ ಹಚ್ಚಿದೆ.

ನೊರೆಯ ಬಿಸಿಗೆ ಕೆನ್ನೆ ಬೆಚ್ಚಗಾಯಿತು. ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

"ನಿನ್ನ ಬ್ರಶ್ ಹಾಳು ಮಾಡಿದೀನಿ ಕಣೋ," ಅಂದೆ. "ಕುದಿಯೋ ನೀರಿಗೆ ಹಾಕ್ದೆ. ಬೈಯಿ. ಎದ್ದು ಬೈಯೋ ನನ್ನ!"

ಬಾಡೋ ಕ್ಷೌರದ ಕತ್ತಿ ಹಿಡಿದು ಕಾಯುತ್ತಿದ್ದ. ನನ್ನ ಅಂಗೈ ಕೆಳಗೆ ಕೆನ್ನೆ ಮತ್ತೆ ತಣ್ಣಗಾಗುತ್ತ ಬಂತು.