ಬದುವಿನ ಸೊಪ್ಪು

ನನ್ನ ಗಂಡ ವಿನಯ್ ಕುಮಾರ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು. ನಾಲ್ಕು ಜನ ಏನಂದಾರು ಎಂಬ ಚಿಂತೆಯೊಂದು ಬಿಟ್ಟರೆ ಅವನಿಗೆ ಬೇರೆ ಚಟವಿಲ್ಲ.

ಹೊನ್ನಾಳಿ ಕಡೆಯ ನಮ್ಮ ಹೊಲ ಇಳಿಜಾರು. ಕೆಳಗೆ ಸಿಹಿನೀರಿನ ಬಾವಿ. ಬೋರಿನ ನೀರಿಗೆ ಮಕ್ಕಳ ಹಲ್ಲು ಕಂದಾಗುತ್ತವೆ, ಶುದ್ಧ ನೀರಿನ ಘಟಕಕ್ಕೆ ಬೀಗ ಬಿದ್ದು ತುಕ್ಕು ಹಿಡಿದಿದೆ. ಹಾಗಾಗಿ ಕೇರಿಯೆಲ್ಲ ನಂಬಿರುವುದು ಈ ಬಾವಿಯನ್ನೇ. ಹೊಲಕ್ಕೂ ಬಾವಿಗೂ ನಡುವೆ ಅಗಲವಾದ ಬದು. ಅದರ ತುಂಬ ಲಾವಂಚ, ಗರಿಕೆ, ಅಣ್ಣೆಸೊಪ್ಪು, ಹೊನಗೊನ್ನೆ. ಯಾರಾದರೂ ಕೆತ್ತಲು ಹೋದರೆ ಅತ್ತೆ ಸಿದ್ದಲಿಂಗಮ್ಮ ಕುಡುಗೋಲು ಹಿಡಿದೇ ಬರುತ್ತಿದ್ದರು.

"ಹೊಲದ ಕೊಳೆ ಬಾವಿಗೆ ಇಳೀದಂಗೆ ಸೋಸಾದು ಇದೇ ಕಣ್ರೋ" ಎನ್ನುತ್ತಿದ್ದರು.

ಈ ಸಲ ಭೂಮಿ ಹುಣ್ಣಿಮೆಗೆ ಸಂತೇಬೆನ್ನೂರಿನ ನೆಂಟರು ಬರುವವರಿದ್ದರು. ಪಕ್ಕದ ಹೊಲದ ಹಾಲೇಶಪ್ಪ ನಕ್ಕು, "ಏನ್ರೀ ವಿನಯ್, ಬದು ನೋಡಿದ್ರೆ ಹೊಲ ಬೀಳು ಬಿದ್ದಂಗೈತೆ" ಎಂದಿದ್ದೇ ಸಾಕಾಯಿತು. ಅತ್ತೆ ನ್ಯಾಮತಿಯ ಮಗಳ ಮನೆಗೆ ಹೋದದ್ದೇ ತಡ, ಇವನು ಬದುವಿಗೆ ಕಳೆನಾಶಕ ಹೊಡೆದ. ಲಾವಂಚ ಸಾಯಲಿಲ್ಲವೆಂದು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೊಡೆದ. ನನಗೆ ಗೊತ್ತಾದಾಗ ಬದು ಸುಟ್ಟ ಚಾಪೆಯಂತೆ ಮಲಗಿತ್ತು.

"ಹಬ್ಬಕ್ಕೆ ಚೊಕ್ಕ ಆಗ್ಲಿ ಅಂತ" ಎಂದ.

ಹಬ್ಬ ಎಂದರೆ ಏನು? ಬಸುರಾದ ಭೂಮಿತಾಯಿಗೆ ಬಯಕೆಯ ಊಟ. ಆ ಎಡೆಗೆ ಬೇಕಾದ ಬೆರಕೆ ಸೊಪ್ಪು ಬರುವುದು ಅದೇ ಬದುವಿನಿಂದ. ಇಂಥ ಬುದ್ಧಿವಂತನನ್ನು ಕಟ್ಟಿಕೊಂಡ ನನ್ನ ಹಣೆಗೆ ಹೊಡೆದುಕೊಂಡೆ.

ಹಬ್ಬದ ಹಿಂದಿನ ದಿನ ಅತ್ತೆ ಊರಿಗೆ ಬಂದವರೇ ಬುಟ್ಟಿ ಹಿಡಿದು ಸೊಪ್ಪಿಗೆ ಹೋದರು. ಖಾಲಿ ಬುಟ್ಟಿಯೊಂದಿಗೆ ಬಂದು ಜಗಲಿಯ ಮೇಲೆ ಕುಸಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಬಸುರಿಗೆ ಏನು ಬಡಿಸ್ಲೇ ಪ್ರಮೀಳಾ?" ಎಂದರು.

ಸಂಜೆ ಚಿತ್ತಾ ಮಳೆ ಸುರಿಯಿತು. ಬೇರು ಸತ್ತ ಬದು ಎಷ್ಟು ಹೊತ್ತು ತಡೆದೀತು? ಮೂವರೂ ಓಡಿದೆವು. ಬಾವಿಯ ಪಕ್ಕದ ಮನೆಯ ಅಖ್ತರ್‌ಬೀ ಗೋಣಿಚೀಲ ಹೊತ್ತು ಬಂದರು. ಅವರಿಗೆ ಬದುವಿನ ಸಂಗತಿ ಏನೂ ಗೊತ್ತಿಲ್ಲ, ಬಾವಿಗೆ ಕೆಸರು ಬೀಳಬಾರದು ಅಷ್ಟೇ. ಜೋಳದ ದಂಟಿನ ಹೊರೆ ಅಡ್ಡ ಹಾಕಿದೆವು, ಕೊಚ್ಚಿಹೋಯಿತು. ಮಣ್ಣಿನ ಚೀಲ ಇಟ್ಟೆವು, ನೀರು ಮಗ್ಗುಲಲ್ಲಿ ದಾರಿ ಮಾಡಿಕೊಂಡಿತು. ಅತ್ತೆ ಕೊರಕಲಿಗೆ ಅಡ್ಡಲಾಗಿ ತಾವೇ ಕೂತುಬಿಟ್ಟರು. ನೀರು ಅವರನ್ನೂ ಸುತ್ತಿ ಹೋಗಿ, ಕೆಂಪಗೆ, ಬಾವಿಯ ಕಟ್ಟೆ ಹಾರಿ ಒಳಗೆ ಧುಮುಕಿತು. ನಾನು ಅಲ್ಲೇ ನಿಂತು ಬಾಯಿಬಿಟ್ಟು ಅತ್ತುಬಿಟ್ಟೆ.

"ಬಾವಿಗೆ ಔಷಧಿ ಇಳಿದೈತೆ, ನೀರು ಕುಡೀಬ್ಯಾಡ್ರಿ ಅಂತ ಮನೆಮನೆಗೂ ಹೇಳಿ ಬಾ" ಎಂದೆ ಗಂಡನಿಗೆ, ಅಖ್ತರ್‌ಬೀ ಮನೆಗೆ ಹೋದ ಮೇಲೆ. ಹೋದ. ಹೇಳಿಬಂದೆ ಎಂದ. ನಂಬಿದೆ.

ಬೆಳಕು ಹರಿಯುವಾಗ ಅತ್ತೆ ಸೊಪ್ಪಿಲ್ಲದ ಕಡುಬಿನ ತಟ್ಟೆ ಹಿಡಿದು ಅಖ್ತರ್‌ಬೀ ಮನೆಗೆ ಹೊರಟರು. ಅವರ ಮಗಳು ಆಸ್ಮಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಭೂಮಿಗೆ ಉಣಿಸುವ ದಿನ ಕೇರಿಯ ಬಸುರಿಗೂ ಉಣಿಸಬೇಕು ಎನ್ನುವುದು ಅತ್ತೆಯ ಪದ್ಧತಿ. ನಾವಿಬ್ಬರೂ ಹಿಂದೆ ಹೋದೆವು.

ಆಸ್ಮಾ ಬಾಗಿಲಲ್ಲಿ ಕೂತು ಲೋಟ ಎತ್ತಿ ಕುಡಿಯುತ್ತಿದ್ದಳು.

"ಎಲ್ಲಿಯ ನೀರು ಅಕ್ಕಾ?" ಎಂದೆ, ಒಳಗಿಂದ ಬಂದ ಅಖ್ತರ್‌ಬೀಗೆ.

"ಬಾವೀದೇ. ಪಟಿಕ ಹಾಕಿ, ಸೋಸಿ, ಕಾಯಿಸೀನಿ. ನೋಡ್ರಿ, ಎಷ್ಟು ತಿಳಿಯಾಗೈತೆ!" ಅಖ್ತರ್‌ಬೀ ಹೆಮ್ಮೆಯಿಂದ ಕೊಡ ಬಗ್ಗಿಸಿ ತೋರಿಸಿದರು. "ಕೆಸರಾಗೈತೆ, ಸೋಸ್ಕೊಳ್ರಿ ಅಂತ ವಿನಯ್ ನಿನ್ನೆನೇ ಹೇಳಿದ್ದ."

ಕೆಸರಂತೆ! ಪಟಿಕ ಹಾಕಿದರೆ ಕೆಸರು ತಳಕ್ಕೆ ಕೂತೀತು, ವಿಷ ಕೂರುತ್ತದೆಯೇ? ನಾನು ಗಂಡನ ಕಡೆ ತಿರುಗಿದೆ. ಹಾಲೇಶಪ್ಪ ಹಾದಿಯಲ್ಲಿ ನಿಂತು ನೋಡುತ್ತಿದ್ದ. ಇವನ ಬಾಯಿ ತೆರೆಯಿತು, ಮುಚ್ಚಿತು.

"ಬೊಗಳೋ" ಎಂದರು ಅತ್ತೆ.

"ಬದುವಿಗೆ ಕಳೆ ಔಷಧಿ ಹೊಡೆದಿದ್ದೆ ಅಕ್ಕಾ. ಎರಡು ಸಲ. ಹೇಳಾಕೆ... ನಾಚಿಕೆ ಆತು."

ಅಖ್ತರ್‌ಬೀ ಕೊಡವನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು.

"ಹಂಗಾದ್ರೆ ಇವಳಿಗೆ ಈಗ ಕುಡಿಯಾಕೆ ಎಲ್ಲಿಂದ ತರ್ಲಿ, ವಿನಯ್?"

ಆಸ್ಮಾ ಖಾಲಿ ಲೋಟವನ್ನು ಕೆಳಗಿಟ್ಟು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು.