ಅರ್ಧ ಸಾಲು ಹಿಂದೆ

“ಏಯ್, ಆ ಹಿಂದಿನ ಬೆಂಚುಗಳಿಗೆ ಎರಡು ಸಲ ಫಿನಾಯಿಲ್ ಹಾಕೇ! ಒಂದು ಸಲಕ್ಕೆ ಹೋಗೋ ನಾತ ಅಲ್ಲ ನಿಮ್ಮದು. ದೇವರ ಮನೆ ಇದು, ನಿಮ್ಮಪ್ಪನ ತೊಗಲು ಗೋದಾಮಲ್ಲ.”

ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದವರು ಸಭೆಯ ಹಿರಿಯರು. ಮೊಣಕಾಲೂರಿ ಬೆಂಚು ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ. ಒಂದು ಗಂಟೆಯ ಹಿಂದೆ ಅವಳು ಅದೇ ಬೆಂಚಿನ ಮೇಲೆ ಕೂತು ಆರಾಧನೆಯಲ್ಲಿದ್ದಳು. ತಾನು ಕೂತೆದ್ದ ಜಾಗವನ್ನು ತಾನೇ ತಿಕ್ಕಿ ತೊಳೆಯುವುದು ಅವಳಿಗೆ ಹೊಸದೇನಲ್ಲ. ಹನ್ನೆರಡು ವರ್ಷದಿಂದ ವಾರಕ್ಕೆ ಆರು ದಿನ ಅವರ ಕಾರ್ಖಾನೆಯಲ್ಲಿ ಹಸಿ ತೊಗಲಿಗಂಟಿದ ಮಾಂಸ ಹೆರೆಯುತ್ತಿದ್ದಳು, ಏಳನೆಯ ದಿನ ಅವರ ಚರ್ಚು ತೊಳೆಯುತ್ತಿದ್ದಳು. ಅಲ್ಲಿ ಅವರು ಧಣಿ, ಇಲ್ಲಿ ಹಿರಿಯರು. ನಾತ ಅವರ ತೊಗಲಿನದೇ, ಆದರೆ ಮೆತ್ತಿಕೊಂಡದ್ದು ಅವಳ ಮೈಗೆ. ಕಾರ್ಖಾನೆಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಹಿರಿಯರಿಗೆ ಮಾತ್ರ ಅವಳು ಏಯ್.

“ಇನ್ನೊಂದು ಮಾತು. ಹಾಡುವಾಗ ಯಾಕೆ ಎಳೀತೀರಾ? ಆರ್ಗನ್ ಮುಂದೆ ಹೋದ್ರೂ ನೀವು ಅಲ್ಲೇ ಬಿದ್ದಿರ್ತೀರಿ. ಎಮ್ಮೆ ಹಿಂಡು ಹೋದಹಾಗೆ.”

“ಎಳೀತಿರೋದು ನಾವಲ್ಲ,” ಅಂದಳು ಅಕ್ಕ, ನೆಲಕ್ಕೆ ಹೇಳುವವಳಂತೆ.

“ಮತ್ಯಾರು? ದೆವ್ವನಾ?”

ಅಕ್ಕ ಬಟ್ಟೆ ಹಿಂಡಿದಳು. ಉತ್ತರ ಕೊಟ್ಟಿದ್ದರೆ ಹೌದು ಅನ್ನಬೇಕಾಗುತ್ತಿತ್ತು.

ಅವಳ ಗಂಡನನ್ನು ಊರೆಲ್ಲ ಲೇಟಪ್ಪ ಅಂತಲೇ ಕರೆಯುತ್ತಿತ್ತು. ಊಟಕ್ಕೆ ಲೇಟು, ಕೆಲಸಕ್ಕೆ ಲೇಟು, ಮದುವೆಯ ದಿನ ಚರ್ಚಿಗೂ ಲೇಟು. ಹಾಡಿನಲ್ಲಂತೂ ಎಲ್ಲರೂ ಸಾಲು ಮುಗಿಸಿ ಉಸಿರು ಎಳೆದುಕೊಳ್ಳುವಾಗ ಅವನ ದಪ್ಪ ದನಿ ಇನ್ನೂ ಅರ್ಧದಲ್ಲಿ ಇರುತ್ತಿತ್ತು. ಹಿಂದಿನ ಬೆಂಚಿನವರು ಮುಸಿಮುಸಿ ನಗುತ್ತಿದ್ದರು. “ಸ್ವರ್ಗದ ಬಾಗಿಲು ಹಾಕಿ ಚಿಲಕ ಇಟ್ಟಮೇಲೆ ಬರೋನು ನೀನು,” ಎಂದು ಅಕ್ಕ ಅವನ ಪಕ್ಕೆ ತಿವಿಯುತ್ತಿದ್ದಳು. ಅವನು, “ಬಂದು ತಟ್ತೀನಿ ಬಿಡೆ, ನೀನು ಒಳಗಿರ್ತೀಯಲ್ಲ, ತೆಗಿ,” ಅನ್ನುತ್ತಿದ್ದ.

ಕಾರ್ಖಾನೆಯ ಹಿಂಭಾಗದಲ್ಲಿ ಕೊಳೆನೀರಿನ ತೊಟ್ಟಿಯಿದೆ. ಮೇಲೆ ಕಬ್ಬಿಣದ ಮುಚ್ಚಳ, ಒಳಗೆ ಎರಡಾಳು ಆಳ. ಸುಣ್ಣದ ನೀರು, ಕೂದಲು, ಹೆರೆದ ಮಾಂಸ ಎಲ್ಲ ಅಲ್ಲಿಗೇ ಹೋಗುತ್ತದೆ. ಎರಡು-ಮೂರು ವಾರದ ಹಿಂದೆ ಒಂದು ದಿನ ಕೊಳವೆ ಕಟ್ಟಿಕೊಂಡಿತ್ತು. ಮೇಸ್ತ್ರಿ ಒಬ್ಬನನ್ನು ಇಳಿಸಿದ. ಒಳಗಿನ ವಿಷಗಾಳಿಗೆ ಅವನು ಕೂಗಲೂ ಇಲ್ಲ, ಸುಮ್ಮನೆ ಕುಸಿದ. ಅವನನ್ನು ಎಳೆಯಲು ಇನ್ನೊಬ್ಬ ಇಳಿದ. ಅವನೂ ಕುಸಿದ. ಮೂರನೆಯವನಾಗಿ ಲೇಟಪ್ಪ ಅಂಗಿ ಬಿಚ್ಚಿ ಎಸೆದು ಓಡಿದ. ಹುಟ್ಟಿದಾರಭ್ಯ ಅವನು ತಡಮಾಡದೆ ಹೋದದ್ದು ಅದೊಂದೇ ಕಡೆ.

ಮಣ್ಣು ಮಾಡುವ ದಿನ ಸಭೆಯ ಪಾಸ್ಟರ್, ಮೀಸೆ ಇನ್ನೂ ಸರಿಯಾಗಿ ದಟ್ಟವಾಗದ ಹುಡುಗಪ್ರಾಯದವರು, ಒಂದು ಚೀಟಿ ನೋಡಿಕೊಂಡು ಓದಿದರು. ಕುಡಿತವೆಂಬ ಪಾಪವು ಮನೆಗಳನ್ನು ಹಾಳುಮಾಡುತ್ತದೆ, ಈ ಮೂವರ ಅಂತ್ಯ ನಮಗೆಲ್ಲ ಎಚ್ಚರಿಕೆಯಾಗಲಿ ಎಂದು. ಲೇಟಪ್ಪ ಕುಡಿಯುತ್ತಿದ್ದುದು ಚಹಾ ಮಾತ್ರ. ಅದನ್ನೂ ತಣ್ಣಗೆ ಆರಿಸಿಕೊಂಡು.

ಮುಂದಿನ ಭಾನುವಾರ ಹಾಡು ಶುರುವಾಯಿತು. ಮೊದಲ ಸಾಲು ಮುಗಿಯಿತು. ಆರ್ಗನ್ ಎರಡನೆಯದಕ್ಕೆ ಹೊರಳಿತು. ಹಿಂದಿನ ಬೆಂಚಿನವರು ಹೊರಳಲಿಲ್ಲ. ಯಾರೂ ಮಾತಾಡಿಕೊಂಡಿರಲಿಲ್ಲ, ಯಾರೂ ಸನ್ನೆ ಮಾಡಿರಲಿಲ್ಲ. ಸಾಲಿನ ಕೊನೆಗೆ ನಲವತ್ತು ಜನ ಬಾಯಿ ಮುಚ್ಚಿ ನಿಂತರು, ಆ ದಪ್ಪ ದನಿ ಬಂದು ಮುಟ್ಟುವಷ್ಟು ಹೊತ್ತು. ಅಕ್ಕನಿಗೆ ಅದು ಕೇಳಿಸಿತು. ಪಕ್ಕದಲ್ಲಿದ್ದ ಮೈದುನನ ಕಡೆ ನೋಡಿದಳು. ಅವನ ಕಣ್ಣು ನೆಲದಲ್ಲಿತ್ತು, ಅವನೂ ಕಿವಿಗೊಟ್ಟು ನಿಂತಿದ್ದ.

ಮೂರು ವಾರ ಹೀಗೇ ಆಯಿತು. ನಾಲ್ಕನೆಯ ವಾರ ಪಾಸ್ಟರ್ ಪ್ರಕಟಣೆ ಓದಿದರು. ದೇವಾಲಯಕ್ಕೆ ಹೊಸ ಹಾಸುಗಲ್ಲು, ಹೊಸ ಮೆತ್ತೆ ಬರಲಿವೆ. ಆದ್ದರಿಂದ ಕಾರ್ಖಾನೆಯ ಸಹೋದರ ಸಹೋದರಿಯರಿಗೆ ಇನ್ನು ಮೇಲೆ ಬೆಳಗ್ಗೆ ಆರಕ್ಕೆ ಪ್ರತ್ಯೇಕ ಆರಾಧನೆ. ಪಕ್ಕದ ಬಾಗಿಲಿಂದ ಬರಬೇಕು, ಮೆತ್ತೆಯ ಮೇಲೆ ಕೂರಬಾರದು. ಹಾಡು ಇರುವುದಿಲ್ಲ.

ಹಿಂದಿನ ಬೆಂಚಿನಿಂದ ಸುಣ್ಣದ ತಾತ ಎದ್ದ. ನಲವತ್ತು ವರ್ಷ ತೊಗಲಿನ ಕೂದಲು ಉದುರಿಸುವ ಸುಣ್ಣದ ಗುಂಡಿಯಲ್ಲಿ ಕೈಯಾಡಿಸಿ ಅವನ ಬೆರಳುಗಳಲ್ಲಿ ಒಂದು ಉಗುರೂ ಉಳಿದಿರಲಿಲ್ಲ.

“ಈ ಗೋಡೆ ಕಟ್ಟೋವಾಗ ಕಲ್ಲು ಹೊತ್ತಿದ್ದು ನಾನು. ಆಗ ಮುಂದಿನ ಬಾಗಿಲಿಂದಲೇ ಬರ್ತಿದ್ದೆ.”

“ಕೂತ್ಕೊಳೋ ಮುದಿಯಾ,” ಅಂದರು ಹಿರಿಯರು ತಿರುಗಿ ಕೂಡ ನೋಡದೆ.

ತಾತ ಕೂರಲಿಲ್ಲ. ಮುಂದಿನ ಬಾಗಿಲಿಂದಲೇ ಹೊರಗೆ ಹೋದ. ಅವನ ಹಿಂದೆ ಅಕ್ಕ, ಅವಳ ಮೈದುನ, ಅವನ ಬಸುರಿ ಹೆಂಡತಿ. ಬಿಸಿಲಿಗೆ ಬಂದು ಎಣಿಸಿದರೆ ಹನ್ನೊಂದು ಜನ. ಮಿಕ್ಕವರು ಹೆದರಿ ಒಳಗೇ ಕೂತಿದ್ದರು.

ಆ ಹನ್ನೊಂದು ಜನ ಕಾರ್ಖಾನೆಯ ತೊಗಲು ಒಣಗಿಸುವ ಶೆಡ್ಡಿನಲ್ಲಿ ಸೇರಿದರು. ಮೇಲೆ ತೊಲೆಗಳಿಗೆ ತೊಗಲುಗಳು ಜೋತಾಡುತ್ತಿದ್ದವು. ಗಾಳಿ ಬಂದಾಗ ಒಂದಕ್ಕೊಂದು ತಾಗಿ, ಯಾರೋ ಮೆಲ್ಲಗೆ ನಡೆದು ಬಂದಹಾಗೆ ಸದ್ದಾಗುತ್ತಿತ್ತು. ಆರಾಧನೆ ಹೇಗೆ ಶುರುಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಬೈಬಲ್ ಪುಸ್ತಕ ಓದಲು ಬರುವವರಿರಲಿಲ್ಲ. ತಾತ ತನಗೆ ಬಾಯಿಪಾಠ ಬರುತ್ತಿದ್ದ ಕುರಿ ಕಾಯುವವನ ಕೀರ್ತನೆ ಹೇಳತೊಡಗಿದ. ಹುಲ್ಲು ಬಂತು, ನೀರು ಬಂತು, ಕತ್ತಲ ಕಣಿವೆ ಬಂತು. ಅಲ್ಲಿ ನಿಂತುಬಿಟ್ಟ.

“ಮುಂದಿನದು ಮರೆತೋಯ್ತು ಕಣ್ರಮ್ಮ,” ಅಂದ.

ಕೇಡಿಗೆ ಹೆದರೆನು, ನೀನು ಜೊತೆಗಿದ್ದೀ ಎಂಬ ಆ ಸಾಲು ಅವನಿಗೆ ಮರೆತಿರಲಿಲ್ಲ. ಅದು ಎಲ್ಲರಿಗೂ ಗೊತ್ತಾಯಿತು. ಮೂರು ಜನ ಇಳಿದ ತೊಟ್ಟಿ ಅಲ್ಲಿಂದ ಐವತ್ತು ಹೆಜ್ಜೆ.

“ಕಣಿವೇಲೇ ಇರೋಣ ಬಿಡು ತಾತ,” ಅಂದಳು ಅಕ್ಕ. “ಇವತ್ತಿಗೆ ನಾವು ಇರೋದು ಅಲ್ಲೇ ತಾನೆ.”

ಗಂಡ ಹೋದಮೇಲೆ ಅವಳು ಪ್ರಾರ್ಥನೆ ಮಾಡಿರಲಿಲ್ಲ. ಕಣ್ಣು ಮುಚ್ಚಿದರೆ ಕಪ್ಪು ನೀರು ಕಾಣುತ್ತಿತ್ತು. ಅವತ್ತು ಕಣ್ಣು ತೆರೆದುಕೊಂಡೇ ಬಾಯಿಬಿಟ್ಟಳು. ಅವನನ್ನು ವಾಪಸ್ಸು ಕೊಡು ಅನ್ನಲಿಲ್ಲ. “ಇನ್ನೊಬ್ಬನ್ನ ಅದರೊಳಗೆ ಇಳಿಸಬೇಡ, ಸ್ವಾಮಿ. ಇಳಿಸೋರು ಬಂದ್ರೆ ನನ್ನ ಕಾಲು ನಡುಗದ ಹಾಗೆ ನೋಡ್ಕೋ. ಇಷ್ಟೇ. ಇದಕ್ಕಿಂತ ಜಾಸ್ತಿ ಕೇಳೋಕೆ ನನಗೆ ಬರಲ್ಲ.” ಆಮೆನ್ ಅಂದವರು ಹತ್ತು ಜನ. ಅಕ್ಕನಿಗೆ ಅದು ಮುಗಿದಮೇಲೆ ಇನ್ನೊಂದು ದನಿ ಕೇಳಿಸಿತು, ತಡವಾಗಿ.

ಆ ವಾರವೇ ಮೇಸ್ತ್ರಿ ಹೆರೆಯುವ ಕಟ್ಟೆಗೆ ಬಂದ. ಕೈಯಲ್ಲೊಂದು ಅಚ್ಚು ಹಾಕಿದ ಕಾಗದ, ಇನ್ನೊಂದು ಕೈಯಲ್ಲಿ ಶಾಯಿ ಡಬ್ಬಿ.

“ಹೆಬ್ಬೆಟ್ಟು ಒತ್ತು.”

“ಏನಂತ ಬರೆದಿದೆ?”

“ನಿನ್ನ ಗಂಡ ಕುಡ್ಕೊಂಡು, ಯಾರೂ ಹೇಳದೆ, ತಾನೇ ಇಳಿದ ಅಂತ. ಒತ್ತು, ಹೊತ್ತಾಯ್ತು. ಮಿಕ್ಕ ಇಬ್ಬರ ಮನೆಯೋರು ಒತ್ತಿದಾರೆ.”

“ಮೊದಲನೆಯವನ್ನ ಇಳಿಸಿದ್ದು ನೀನಲ್ವೇನೋ?”

“ಏ ಲೌಡಿ, ಬಾಯಿ ಜಾಸ್ತಿ ಆಯ್ತು. ಒತ್ತದಿದ್ರೆ ನಾಳೆಯಿಂದ ಗೇಟಿನೊಳಗೆ ಕಾಲಿಡಬೇಡ.”

ಅಕ್ಕ ಕತ್ತಿಯನ್ನು ಪಕ್ಕಕ್ಕಿಟ್ಟಳು. ಮೊಣಕೈವರೆಗೂ ಸುಣ್ಣ, ಕೊಬ್ಬು, ರಕ್ತದ ಲೋಳೆ. ಶಾಯಿ ಡಬ್ಬಿಯತ್ತ ನೋಡಲೂ ಇಲ್ಲ. ಎರಡೂ ಅಂಗೈಗಳನ್ನು ಪಟ್ಟಾಗಿ ಕಾಗದದ ಮೇಲೆ ಇಟ್ಟು, ರೊಟ್ಟಿ ತಟ್ಟುವವಳ ಹಾಗೆ ಒತ್ತಿ ತಿಕ್ಕಿದಳು. ಅಕ್ಷರಗಳೆಲ್ಲ ಕಲಸಿಹೋದವು.

“ಹೆಬ್ಬೆಟ್ಟು ಯಾಕೆ, ಹತ್ತೂ ಬೆರಳು ಕೊಟ್ಟಿದೀನಿ. ತಗೊಂಡೋಗಿ ನಿನ್ನ ಧಣಿಗೆ ತೋರಿಸೋ, ಬೋಳಿಮಗನೇ.”

ಕಟ್ಟೆಯ ಹೆಂಗಸರು ಕಿಸಕ್ಕೆಂದರು. ತಿಂಗಳ ಮೇಲೆ ಅವರ ಬಾಯಲ್ಲಿ ನಗು ಬಂದದ್ದು ಆವತ್ತೇ. ಕೆಲಸದಿಂದ ತೆಗೆಯುತ್ತೇನೆ ಎಂದು ಮೇಸ್ತ್ರಿ ಕೂಗಾಡಿದ. ತೆಗೆಯಲಿಲ್ಲ. ಅವಳಷ್ಟು ತೆಳ್ಳಗೆ, ತೂತಾಗದಂತೆ ಹೆರೆಯುವವರು ಇನ್ನೊಬ್ಬರಿರಲಿಲ್ಲ. ಬದಲಿಗೆ ಶೆಡ್ಡಿಗೆ ಬೀಗ ಬಿತ್ತು.

ಹನ್ನೊಂದು ಜನ ಬೇಲಿಯ ಹೊರಗೆ, ಲಾರಿ ನಿಲ್ಲುವ ಬಯಲಿಗೆ ಬಂದರು. ಅಲ್ಲಿ ಗೋಡೆ ಇರಲಿಲ್ಲವಾದ್ದರಿಂದ ಹಾದುಹೋಗುವವರಿಗೆಲ್ಲ ಹಾಡು ಕೇಳಿಸುತ್ತಿತ್ತು. ಲೋಡ್ ಏರಿಸುವವರು ನಾಲ್ಕು ಜನ ಬಂದು ನಿಂತರು. ಕೈಚೀಲ ಹೊಲಿಯುವ ಹೆಂಗಸರು ಬಂದರು. ಹೆಬ್ಬೆಟ್ಟು ಒತ್ತಿದ್ದ ಎರಡು ಮನೆಯವರೂ ಮುಖ ಮುಚ್ಚಿಕೊಂಡು ಬಂದು ಹಿಂದೆ ಕೂತರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಜಾಗ ಮಾಡಿಕೊಟ್ಟರು, ಅಷ್ಟೆ. ಒಂದು ಭಾನುವಾರ ಆರ್ಗನ್ ನುಡಿಸುವ ಟೀಚರಮ್ಮ ಮಡಿಸುವ ಕುರ್ಚಿ ಹಿಡಿದುಕೊಂಡು ಬಂದರು.

“ನೀವಿಲ್ಲದೆ ಅಲ್ಲಿ ಹಾಡು ಓಡಿ ಹೋಗುತ್ತೆ ಕಣಮ್ಮ. ಸಾಲು ಮುಗಿದಾಗ ನನ್ನ ಕೈ ತಾನೇ ನಿಲ್ಲುತ್ತೆ. ಹಿರಿಯರು ಬೈತಾರೆ. ನನಗೆ ವಯಸ್ಸಾಯ್ತು, ಬೈಸ್ಕೊಳ್ಳೋಕಾಗಲ್ಲ,” ಅಂದರು. ಅಂದಿನಿಂದ ಪುಸ್ತಕ ಓದಿದವರು ಅವರೇ.

ಪಾಸ್ಟರೂ ಒಮ್ಮೆ ಬಂದರು. ಒಬ್ಬರೇ, ಸೈಕಲ್ ತಳ್ಳಿಕೊಂಡು. ಅಕ್ಕ ತೊಗಲಿನ ಕತ್ತಿ ಮಸೆಯುತ್ತಿದ್ದಳು.

“ಅಮ್ಮಾ, ಮಣ್ಣು ಮಾಡೋ ದಿನ ಹಿರಿಯರು ಬರೆದುಕೊಟ್ಟದ್ದನ್ನ ಓದಿಬಿಟ್ಟೆ.”

“ಓದೋಕೆ ಬರುತ್ತಲ್ಲ ಅಯ್ಯನವರೇ ನಿಮಗೆ. ಓದೋಕೆ ಮುಂಚೆ ಒಂದು ಸಲ ನೋಡ್ಬೇಕಿತ್ತು.”

ಅವರು ಸೈಕಲ್ ತಿರುಗಿಸಿಕೊಂಡು ಹೋದರು.

ಅದಾಗಿ ಎರಡು ವಾರಕ್ಕೆ, ಒಂದು ಗುರುವಾರ, ಮೇಲಿನ ಅಧಿಕಾರಿಗಳು ಕಾರ್ಖಾನೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ತೊಟ್ಟಿ ಮತ್ತೆ ಉಕ್ಕುತ್ತಿತ್ತು. ಹೊರಗಿನಿಂದ ಕೊಳೆ ಹೀರುವ ಯಂತ್ರದ ಗಾಡಿ ತರಿಸಿದರೆ ನಾಲ್ಕು ಜನರಿಗೆ ಗೊತ್ತಾಗುತ್ತದೆ. ಮೇಸ್ತ್ರಿ ಸುತ್ತ ನೋಡಿ ಬೆರಳು ತೋರಿಸಿದ್ದು ಅಕ್ಕನ ಮೈದುನನ ಕಡೆಗೆ.

“ಬಾರೋ, ಲೇಟಪ್ಪನ ತಮ್ಮ. ನಿನಗೆ ದಾರಿ ಗೊತ್ತಿರಬೇಕಲ್ಲ.”

ಮೈದುನ ಅಂಗಿಯ ಗುಂಡಿಗೆ ಕೈ ಹಾಕಿದ. ಮನೆಯಲ್ಲಿ ಹೆಂಡತಿಗೆ ದಿನ ತುಂಬಿತ್ತು. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಎರಡನೆಯ ಗುಂಡಿ ಬಿಚ್ಚುವಷ್ಟರಲ್ಲಿ ಸುದ್ದಿ ಹೆರೆಯುವ ಕಟ್ಟೆಗೆ ಮುಟ್ಟಿತು.

ಅಕ್ಕ ಎದ್ದಳು. ಓಡಲಿಲ್ಲ. ಲೋಳೆಯ ಕೈಯಲ್ಲೇ ಅಂಗಳ ದಾಟಿ ಬಂದು, ಅರೆ ಸರಿಸಿದ್ದ ಕಬ್ಬಿಣದ ಮುಚ್ಚಳವನ್ನು ಕಾಲಿನಿಂದ ಮುಚ್ಚಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

“ಅಂಗಿ ಹಾಕ್ಕೊಳಪ್ಪ,” ಅಂದಳು ಮೈದುನನಿಗೆ.

“ಅತ್ತಿಗೆ, ಬೇಡ...”

“ಹಾಕ್ಕೋ ಅಂದೆ.”

ಮೇಸ್ತ್ರಿ ಅವಳ ರಟ್ಟೆ ಹಿಡಿದೆಳೆದ. ಕೈ ಜಾರಿತು. ಅಷ್ಟರಲ್ಲಿ ಸುಣ್ಣದ ತಾತ ಬಂದು ಅವಳ ಪಕ್ಕ ಕೂತ. ಕಟ್ಟೆಯ ಹೆಂಗಸರು ಬಂದರು. ಲೋಡಿನವರು ಲಾರಿಯ ಮೇಲಿಂದ ಧುಮುಕಿ ಬಂದರು. ಮುಚ್ಚಳ ಕಾಣದಷ್ಟು ಜನ ಆದರು. ಅಕ್ಕನಿಗೆ ತೊಡೆಯ ಕೆಳಗೆ ಕಬ್ಬಿಣ ಬೆಚ್ಚಗಿತ್ತು. ಅದರಡಿಯಲ್ಲಿ ಏನೋ ಎದ್ದೆದ್ದು ಬಂದು ತಾಗಿ ಒಡೆಯುತ್ತಿತ್ತು. ಗಾಳಿ ಅಂತ ಅವಳಿಗೆ ಗೊತ್ತು. ಆದರೂ ಪ್ರತಿ ಸಲ ಒಳಗಿಂದ ಯಾರೋ ತಟ್ಟಿದಹಾಗೆ ಆಗುತ್ತಿತ್ತು.

ಧಣಿ ಬಂದರು. ಜೊತೆಗೆ ಪಾಸ್ಟರನ್ನು ಕರೆದುಕೊಂಡು ಬಂದಿದ್ದರು.

“ಹೇಳ್ರೀ ಇವರಿಗೆ. ಯಜಮಾನರಿಗೆ ತಗ್ಗಿಬಗ್ಗಿ ನಡೀಬೇಕು ಅಂತ ಬರೆದಿದೆಯಲ್ಲ, ಅದನ್ನ ಓದಿ. ಅದಕ್ಕೇ ತಾನೆ ನಿಮಗೆ ಮನೆ ಕೊಟ್ಟು ಸಾಕ್ತಿರೋದು.”

ಪಾಸ್ಟರ್ ಪುಸ್ತಕ ತೆರೆದರು. ಹಾಳೆ ತಿರುವಿದರು. ಆಮೇಲೆ ಪುಸ್ತಕ ಮುಚ್ಚಿ, ಎಲ್ಲರಿಗೂ ಕೇಳುವ ಹಾಗೆ, “ಆ ಮೂವರೂ ಕುಡಿದಿರಲಿಲ್ಲ. ಒಬ್ಬರನ್ನೊಬ್ಬರು ಉಳಿಸೋಕೆ ಹೋಗಿ ಸತ್ತರು. ನಾನು ಸುಳ್ಳು ಓದಿದೆ,” ಅಂದರು. ಅಷ್ಟು ಹೇಳಿ ಅವರು ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಬರಲಿಲ್ಲ. ನಡುವೆ ನಿಂತು ಅಳತೊಡಗಿದರು.

“ಹೇಡಿ ನನ್ಮಗ,” ಅಂದರು ಧಣಿ. ಗೇಟಿನ ಕಡೆ ನೋಡಿದರು. ಜೀಪಿನ ಹಾರ್ನ್ ಕೇಳಿಸುತ್ತಿತ್ತು. ಅಧಿಕಾರಿಗಳು ಬಂದಿದ್ದರು. “ಏಳ್ರೋ! ನಾಯಿ ನನ್ಮಕ್ಕಳಾ, ಯಾರಾದ್ರೂ ಒಬ್ಬ ಇಳೀರಿ! ಹತ್ತೇ ನಿಮಿಷದ ಕೆಲಸ!”

ಅಕ್ಕ ಎದ್ದಳು. ಎಲ್ಲರೂ ಎದ್ದರು. ಮುಚ್ಚಳದ ಬಳೆಗೆ ಎರಡೂ ಕೈ ಹಾಕಿ ಅವಳು ಒಂದೇ ಉಸಿರಿಗೆ ಅದನ್ನು ಪಕ್ಕಕ್ಕೆ ಎಳೆದಳು. ನಾತ ಹೊಡೆದಾಗ ಜನ ಹಿಂದೆ ಸರಿದರು. ಅವಳು ಮುಖ ತಿರುಗಿಸಿ ಉಸಿರು ಬಿಗಿಹಿಡಿದು, ಮೇಸ್ತ್ರಿಯ ಕಾಲ ಬಳಿ ಬಿದ್ದಿದ್ದ ಹಗ್ಗ ಎತ್ತಿಕೊಂಡು ಧಣಿಯ ಮುಂದೆ ಬಂದು ನಿಂತಳು. ಕಾಲು ನಡುಗಲಿಲ್ಲ.

“ಇಳೀರಿ ಧಣಿ. ಹಗ್ಗ ನಾವು ಹಿಡೀತೀವಿ.”

ಹಗ್ಗದ ತುದಿ ಅವಳ ಕೈಯಲ್ಲಿ ಚಾಚಿಕೊಂಡೇ ಇತ್ತು. ಮೇಸ್ತ್ರಿ ಧಣಿಯನ್ನು ನೋಡಿದ. ಧಣಿ ಗೇಟನ್ನು ನೋಡಿದರು. ತೊಟ್ಟಿಯ ತೆರೆದ ಬಾಯಲ್ಲಿ ಕಪ್ಪು ನೀರು ಒಮ್ಮೆ ಉಬ್ಬಿ, ಒಡೆದು, ಮತ್ತೆ ಸಮವಾಯಿತು.